ಇಂಗ್ಲೆಂಡಿನ ಪೆಟ್ಟಿಗೆ

ಬ್ಯಾಡಗಿಯ ಶಾರದವ್ವ ತನ್ನ ಅರವತ್ತು ವರ್ಷದ ಬಾಳಿನಲ್ಲಿ ಒಬ್ಬರ ಪಾತ್ರೆಯನ್ನೂ ಖಾಲಿ ಮರಳಿಸಿದವಳಲ್ಲ. ಪಕ್ಕದ ಮನೆಯ ಬಿಬಿಜಾನ್ ಮೊಹರಮ್ಮಿಗೆ ಒಂದು ತಟ್ಟೆ ಸಿಹಿ ಚೊಂಗೆ ಕಳಿಸಿದರೆ, ಆ ತಟ್ಟೆ ತೊಳೆದು, ಒರೆಸಿ, ಮೇಲೆ ನಾಲ್ಕು ಶೇಂಗಾ ಹೋಳಿಗೆ ಇಟ್ಟುಕೊಂಡೇ ಹಿಂದಿರುಗುತ್ತಿತ್ತು. ಹೋಳಿಗೆ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಸಕ್ಕರೆಯೂ ಮುಗಿದಿದ್ದರೆ ಒಂದು ಚೂರು ಬೆಲ್ಲ. ಬರಿ ಪಾತ್ರೆ ಕಳಿಸುವ ಮನೆಯವರ ಬಗ್ಗೆ ಅವಳ ಅಭಿಪ್ರಾಯ ಒಂದೇ ಶಬ್ದದ್ದು: ‘ದರಿದ್ರ.’ ಒಳ್ಳೆಯ ರೂಢಿಯೇ, ಯಾರೂ ತಪ್ಪೆನ್ನಲಾರರು. ಆದರೆ ೨೦೦೬ರಲ್ಲಿ ಇದೇ ಒಳ್ಳೆಯ ರೂಢಿ ಸೊಸೆಯ ಎರಡು ವರ್ಷದ ಓದನ್ನು ನುಂಗಿ ನೀರು ಕುಡಿಯುವುದರಲ್ಲಿತ್ತು.

ಸೊಸೆ ಶೈಲಶ್ರೀ ಹಾವೇರಿ ಕೋರ್ಟಿನಲ್ಲಿ ವಕೀಲೆ. ತವರು ರಾಣೇಬೆನ್ನೂರಿನ ಹತ್ತಿರದ ಹಲಗೇರಿ. ಮದುವೆಯಾಗಿ ಹತ್ತು ವರ್ಷ. ಮಗಳು ಶ್ವೇತಾ ಮೂರನೆಯ ಇಯತ್ತೆ. ಗಂಡ ಸಿದ್ದಲಿಂಗೇಶ ಮತ್ತು ಮಾವ ನಿಜಲಿಂಗಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯವರು. ರೈತರು ತಂದ ಚೀಲಗಳನ್ನು ಕೊಳ್ಳುವವರಿಗೆ ತೋರಿಸಿ ಮಾರಿಸಿಕೊಡುವುದು ಅವರ ಕೆಲಸ. ಎರಡು ವರ್ಷದ ಹಿಂದೆ ಒಂದು ದಿನ ನಿಜಲಿಂಗಪ್ಪ ಸಿಟ್ಟಿನಿಂದ ಮನೆಗೆ ಬಂದಿದ್ದ. ಬ್ಯಾಡಗಿಯ ಮುಖ ನೋಡದ ಯಾವುದೋ ಮೆಣಸಿನಕಾಯಿಯನ್ನು ಪುಡಿ ಮಾಡಿ, ಪೊಟ್ಟಣದ ಮೇಲೆ ‘ಬ್ಯಾಡಗಿ’ ಎಂದು ಬರೆದು, ಹೊರದೇಶದಲ್ಲಿ ಯಾರೋ ಮಾರುತ್ತಿದ್ದಾರೆಂದು ಅವನಿಗೆ ತಿಳಿದಿತ್ತು.

"ನೀ ವಕೀಲಕಿ ಅದಿ. ಇದಕ್ಕೇನರ ಕಾಯದೆ ಐತೇನ ನೋಡವಾ," ಎಂದಿದ್ದ.

ಶೈಲಶ್ರೀ ನೋಡಿದಳು. ನಮ್ಮ ದೇಶದೊಳಗಿನ ಕಾಯದೆ ಸಿಕ್ಕಿತು. ಸಮುದ್ರದ ಆಚೆಗೆ ಏನು ನಡೆಯುತ್ತದೆ ಎಂಬುದು ತನಗೆ ಒಂದಕ್ಷರವೂ ಗೊತ್ತಿಲ್ಲವೆಂದು ಆಗಲೇ ಅವಳಿಗೆ ಗೊತ್ತಾದದ್ದು. ಮೂರು ತಿಂಗಳೊಳಗೆ ಅವಳು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಎಲ್‌ಎಲ್‌ಎಂಗೆ ಹೆಸರು ಹಚ್ಚಿದಳು. ಮನೆಯಲ್ಲೇ ಕೂತು ಓದುವ ಕೋರ್ಸು. ಪುಸ್ತಕ ಅಂಚೆಯಲ್ಲಿ ಬರುತ್ತಿದ್ದವು, ಪರೀಕ್ಷೆ ಬೆಂಗಳೂರಿನಲ್ಲಿ. ಅಂತರರಾಷ್ಟ್ರೀಯ ವ್ಯಾಪಾರದ ಕಾನೂನು ಅವಳ ವಿಷಯ. ಪುಸ್ತಕ ಬಂದ ರಟ್ಟಿನ ಪೆಟ್ಟಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಶಾರದವ್ವ ಹಪ್ಪಳ ಇಡಲು ಕೇಳಿದಳು. ಶೈಲಶ್ರೀ ಕೊಡಲಿಲ್ಲ. ಕೊನೆಯ ಪ್ರಬಂಧ ಬರೆದು ಕಳಿಸುವಾಗ ಬೇಕಾಗುತ್ತದೆ ಎಂದಳು. ಅತ್ತೆ ಆ ಮಾತನ್ನು ಮರೆಯಲಿಲ್ಲ.

ಶೈಲಶ್ರೀ ಬೆಳಿಗ್ಗೆ ಐದಕ್ಕೆ ಎದ್ದು ಓದುವಳು. "ಸೊಸಿ ನಸುಕಿನ್ಯಾಗ ದೀಪಾ ಹಚ್ಚತಾಳ. ದೇವರಿಗೆ ಅಂತ ತಿಳಕೊಂಡು ನಾ ಎಷ್ಟ್ ಖುಷಿಯಾಗಿದ್ದೆ ಅಂತಿ," ಎಂದು ಶಾರದವ್ವ ಬಿಬಿಜಾನಳ ಮುಂದೆ ಹೇಳಿಕೊಂಡಳು. ಆರೂವರೆಗೆ ಪುಸ್ತಕ ಮುಚ್ಚಿ ಶೈಲಶ್ರೀ ರೊಟ್ಟಿಗೆ ಕೂಡುವಷ್ಟರಲ್ಲಿ ಅತ್ತೆ ಅರ್ಧ ರೊಟ್ಟಿ ಬಡಿದು ಮುಗಿಸಿರುತ್ತಿದ್ದಳು. ಉಳಿದರ್ಧ ಅವಳ ಮಾತಿಗೆ ಮೀಸಲು.

"ಕರೀ ಕೋಟ ಐತಿ. ಮಂದಿ ಮೇಡಂ ಅಂತಾರ. ಇನ್ನೇನ್ ಕಲಿಯೂದೈತಿ?"

"ಇದು ದೇಶ ದೇಶದ ನಡುವಿನ ವ್ಯಾಪಾರದ್ದರಿ ಅತ್ತಿ."

"ಹಾವೇರಿ ಕೋರ್ಟಿಗೆ ದೇಶ ದೇಶದ ಕೇಸು ಬರ್ತಾವೇನ?"

"ಇಲ್ಲರಿ."

"ಮತ್ತ?"

ಈ ‘ಮತ್ತ’ಕ್ಕೆ ಶೈಲಶ್ರೀ ಇನ್ನೊಂದು ಹಿಡಿ ಹಿಟ್ಟು ಸುರಿದು ನಾದುವಳು. ಎಂಟು ವರ್ಷ ಹೊಲದ ಬಾಂದಿನ ಕಲ್ಲು, ಪಾಲುಪಟ್ಟಿ, ಜೀವನಾಂಶ ಎಂದು ವಾದಿಸಿದವಳಿಗೆ, ಒಂದು ದೊಡ್ಡ ವಿಷಯವನ್ನು ಬುಡಮಟ್ಟ ತಿಳಿದುಕೊಳ್ಳಬೇಕೆಂಬ ಆಸೆ ಹುಟ್ಟಿತ್ತು, ಅಷ್ಟೆ. ಆಸೆಗೆ ಕಾರಣ ಕೇಳಿದರೆ ಏನು ಹೇಳುವುದು?  ಕೋರ್ಸಿನ ಫೀ ತುಂಬಿದ ವರ್ಷವೇ ಅಡಿಗೆಕಟ್ಟೆಗೆ ಗ್ರಾನೈಟ್ ಹಾಕಿಸುವ ಮಾತು ಮುಂದಕ್ಕೆ ಹೋಗಿತ್ತು. ಮನೆಗೆ ಬಂದವರು ಹಳೆಯ ಕಡಪಾ ಕಲ್ಲಿನ ಕಡೆ ನೋಡಿದರೆ ಸಾಕು, ಶಾರದವ್ವ ನಗುತ್ತ, "ನಮ್ಮ ಗ್ರಾನೈಟ್ ಇಂಗ್ಲೆಂಡಿನ್ಯಾಗ ಐತ್ರಿ," ಎನ್ನುವಳು. ನಗುವೇನೋ ನಗುವೇ, ಆದರೆ ಅದರಲ್ಲಿ ಖಾರ ಇತ್ತು.

೨೦೦೬ರ ಜನವರಿ ಬಂತು. ಊರ ತುಂಬ ಕೆಂಪು ಕಾಯಿ, ಊರ ತುಂಬ ಸೀನು. ನಾಲ್ಕು ಪರೀಕ್ಷೆ ಮುಗಿದು ಪ್ರಬಂಧ ಮಾತ್ರ ಉಳಿದಿತ್ತು. ‘ಬ್ಯಾಡಗಿ’ ಎಂಬ ಹೆಸರು ಯಾರದು, ಅದನ್ನು ಬೇರೆ ದೇಶದಲ್ಲಿ ಕಾಯುವುದು ಹೇಗೆ ಎಂಬುದು ಅವಳು ಆರಿಸಿಕೊಂಡ ಪ್ರಶ್ನೆ. ಕಾಯದೆಯ ಪುಸ್ತಕಗಳೆಲ್ಲ ಒಂದೇ ರಾಗ ಹಾಡುತ್ತಿದ್ದವು: ಹೆಸರು ಎಂದರೆ ಬೆಳೆದ ನೆಲದ ಗುಣ. ಅದರಾಚೆ ತನ್ನದೆಂದು ಹೇಳಲು ಏನೂ ಸಿಗದೆ ಶೈಲಶ್ರೀ ಅಲ್ಲಿಗೆ ಬಂದು ನಿಂತುಬಿಟ್ಟಳು.

ಒಂದು ಭಾನುವಾರ ಪಡಸಾಲೆಯಲ್ಲಿ ಶಾರದವ್ವ, ಬಿಬಿಜಾನ್ ಇಬ್ಬರೂ ಗೋಣಿತಟ್ಟು ಹಾಸಿಕೊಂಡು ವರ್ಷದ ಖಾರದಪುಡಿಗೆ ಕಾಯಿ ಆರಿಸಿ ತೊಟ್ಟು ಬಿಡಿಸುತ್ತಿದ್ದರು. ಶೈಲಶ್ರೀಯೂ ಬಂದು ಕೂತಳು, ತೊಡೆಯ ಮೇಲೆ ನೋಟುಬುಕ್ಕು.

"ಅತ್ತಿ, ಇದು ಖರೇ ಬ್ಯಾಡಗಿ ಕಾಯಿ ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?"

"ಕಣ್ಣಿಲ್ಲೇನ ನನಗ?" ಶಾರದವ್ವ ಒಂದು ಕಾಯಿ ಎತ್ತಿ ಹಿಡಿದಳು. "ಸುಕ್ಕು ನೋಡು. ಮುದುಕಿ ಕೈ ಇದ್ದಂಗ ಇರಬೇಕು. ಮೈ ನುಣ್ಣಗಿದ್ರ ಆಚೀ ಕಡೀದು. ಮುರದ್ರ ಬಣ್ಣ ಬೆರಳಿಗೆ ಹತ್ತಬೇಕು. ನಾಲಗೀಗೆ ಉರಿ ಕಡಿಮಿ, ಪಲ್ಯಾಕ ಕೆಂಪು ಜಾಸ್ತಿ."

"ಮತ್ತ ಇದು ನಮ್ಮೂರ ಹೊಲದಾಗ ಬೆಳೆದದ್ದ?"

ಅತ್ತೆ, ಬಿಬಿಜಾನ್ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು.

"ಇಷ್ಟ್ ಓದೀದಿ, ಅಷ್ಟೂ ತಿಳೀಲಿಲ್ಲೇನ? ಕುಂದಗೋಳ ಕಡೆ ಬೆಳೀತಾರ, ಗದಗ ಕಡೆ ಬೆಳೀತಾರ. ನಮ್ಮೂರಾಗ ಎಷ್ಟ್ ಬೆಳದೀತು! ಆದ್ರ ಆರಿಸಿ, ತೊಟ್ಟ ಬಿಡಿಸಿ, ಚಲೋದು ಕೆಟ್ಟದ್ದು ಬ್ಯಾರೆ ಮಾಡಿ, ಇದು ಇಂಥಾದ್ದು ಅಂತ ಹೇಳೂದು ನಮ್ಮೂರು. ಬೆಳೆದಾವ್ರದು ಹೊಲ, ಆರಿಸಿದಾವ್ರದು ಹೆಸರು."

"ನಮ್ಮ ಕೈಯಾಗಿನ ಉರೀ ಮ್ಯಾಲ ನಿಂತೈತಿ ಹೆಸರು," ಎಂದು ಬಿಬಿಜಾನ್ ಅಂಗೈ ಊದಿಕೊಂಡಳು.

ಶೈಲಶ್ರೀಯ ಪೆನ್ನು ನಿಂತಿತು, ಆಮೇಲೆ ನಿಲ್ಲದೆ ಓಡಿತು. ನೆಲದ ಗುಣವಲ್ಲದೆ ಕೈಯ ಗುಣಕ್ಕೂ ಊರಿನ ಹೆಸರು ಸಲ್ಲುತ್ತದೆಯೇ? ಪ್ರಬಂಧದ ನಾಲ್ಕನೆಯ ಅಧ್ಯಾಯ ಆ ಗೋಣಿತಟ್ಟಿನ ಮೇಲೆಯೇ ಹುಟ್ಟಿತು. ಅದಕ್ಕೆ ಅಡಿಟಿಪ್ಪಣಿಯಲ್ಲಿ ಅವಳು ಇಬ್ಬರ ಹೆಸರನ್ನೂ ಬರೆದಳು. ರಾಣೇಬೆನ್ನೂರಿನಲ್ಲಿ ಎರಡು ಪ್ರತಿ ಬೈಂಡ್ ಮಾಡಿಸಿ, ನೀಲಿ ರಟ್ಟಿನ ಮೇಲೆ ಬಂಗಾರದ ಅಕ್ಷರ ಒತ್ತಿಸಿ ತಂದ ಸಂಜೆ, ಶ್ವೇತಾ ಆ ಪುಟ ಹುಡುಕಿ ಅಜ್ಜಿಗೆ ತೋರಿಸಿದಳು.

"ಆಯಿ, ಇಲ್ಲಿ ನಿನ್ನ ಹೆಸರೈತಿ! ಇಂಗ್ಲಿಷಿನ್ಯಾಗ!"

"ನನ್ನ ಹೆಸರ ಯಾಕ ಹಾಕೀದಿ?" ಶಾರದವ್ವ ಗದರಿದಳು.

"ಹೇಳಿದಾವ್ರು ನೀವ ಅಲ್ಲೇನ್ರಿ?"

"ಹೇಳಿದ್ದೆಲ್ಲಾ ಬರಕೊಂಡ್ರ ಈ ಮನ್ಯಾಗ ಮಾತಾಡೂದ ಕಷ್ಟ ಆತು." ಹಾಗೆಂದವಳು ಆ ಪುಟದ ಮೇಲೆ ಒಂದು ಸಲ ಬೆರಳಾಡಿಸಿ ನೋಡಿದಳು. ಅವಳಿಗೆ ಇಂಗ್ಲಿಷ್ ಬಾರದು. ಆದರೂ ತನ್ನ ಹೆಸರು ಎಷ್ಟುದ್ದ ಇದೆಯೆಂದು ಅಳೆದಂತೆ ಇತ್ತು. ಅವತ್ತು ಊಟಕ್ಕೆ ಕೇಳದೇ ಎಣಗಾಯಿ ಆಗಿತ್ತು. ಶೈಲಶ್ರೀಗೆ ಇಷ್ಟವಾದ ಪಲ್ಯ ಅದೊಂದೇ.

ಪ್ರಬಂಧ ಮಾರ್ಚ್ ಹತ್ತರೊಳಗೆ ಅಲ್ಲಿ ತಲುಪಬೇಕಿತ್ತು. ಫೆಬ್ರುವರಿ ಆರಂಭದಲ್ಲೇ ಶೈಲಶ್ರೀ ಎರಡೂ ಪ್ರತಿಗಳನ್ನು ಅದೇ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಅಲುಗಾಡದಂತೆ ಸುತ್ತ ಹಳೆಯ ಪೇಪರು ತುರುಕಿ, ಅಂಚೆಯ ಫಾರಮ್ ತುಂಬಿದಳು. ಒಳಗೆ ಏನಿದೆ ಎಂಬ ಕಡೆ ‘ಕಾಗದ ಮಾತ್ರ’ ಎಂದು ಬರೆದು ಸಹಿ ಹಾಕಿದಳು. ಅವತ್ತು ಹಾವೇರಿಯಲ್ಲಿ ಸಾಕ್ಷಿ ವಿಚಾರಣೆ ಇತ್ತು. ಮೇಲೆ ಬಿಳಿ ಬಟ್ಟೆ ಹೊಲಿದು ಅರಗಿನ ಮುದ್ರೆ ಒತ್ತುವುದು ಬಾಕಿ.

"ನೀ ಹೋಗು, ಬಸ್ ತಪ್ಪತೈತಿ. ನಾ ಹೊಲೀತೇನಿ. ಸಿದ್ದು ಒಯ್ದು ಹಾಕಿ ಬರ್ತಾನ," ಎಂದಳು ಶಾರದವ್ವ. ಎರಡು ವರ್ಷದಲ್ಲಿ ಆ ಓದಿನ ಯಾವ ಕೆಲಸಕ್ಕೂ ಅವಳು ಕೈ ಹಚ್ಚಿರಲಿಲ್ಲ. ಸೊಸೆಗೆ ಹೃದಯ ತುಂಬಿ ಬಂತು.

ಸೊಸೆ ಅತ್ತ ಹೋದಳು, ಅತ್ತೆ ಇತ್ತ ಪೆಟ್ಟಿಗೆ ತೆರೆದಳು. ಎರಡು ಪುಸ್ತಕ, ಉಳಿದದ್ದು ಮುದುಡಿದ ಪೇಪರು. ತುಂಬಿ ಬಂದ ಪೆಟ್ಟಿಗೆ ಹೀಗೆ ಹೋಗುವುದೆಂದರೇನು? ಆ ಪೇಪರು ತೆಗೆದು ಒಲೆಯ ಹತ್ತಿರ ಒಗೆದಳು. ಮನೆಯ ಖಾರಕ್ಕೆಂದು ಎತ್ತಿಟ್ಟಿದ್ದ ಕಾಯಿಗಳಲ್ಲೇ ಅತಿ ಸುಕ್ಕಿನ, ಅತಿ ಕೆಂಪಿನವನ್ನು ಆರಿಸಿ, ಬಿಳಿ ಬಟ್ಟೆಯ ಚೀಲದಲ್ಲಿ ಕಟ್ಟಿ, ಪುಸ್ತಕದ ಪಕ್ಕ ಒತ್ತಿ ಇಟ್ಟಳು.

ನಿಜಲಿಂಗಪ್ಪ ನೋಡಿದ. "ಏನಬೇ ಅದು?"

"ಮಂದಿ ಪೆಟಗಿ. ಖಾಲಿ ಕಳಸಾಕ ಬರತೈತೇನ್ರಿ? ಅದಲ್ಲದ ಕಾಯಿ ಬಗ್ಗೆ ಅಷ್ಟುದ್ದ ಬರದಾಳ. ಓದಾವ್ರು ಕಾಯಿ ನೋಡಬೇಕೋ ಬ್ಯಾಡೋ?"

"ಅದೂ ಖರೇ," ಎಂದ ನಿಜಲಿಂಗಪ್ಪ. ನಲವತ್ತು ವರ್ಷ ಮಾದರಿ ಕಾಯಿ ತೋರಿಸದೆ ಒಂದು ಚೀಲವನ್ನೂ ಮಾರಿದವನಲ್ಲ. ಅವನಿಗೂ ಅದು ವ್ಯವಹಾರದ ಮಾತೇ ಎನ್ನಿಸಿತು. ಶಾರದವ್ವ ಸಣ್ಣ ಸಣ್ಣ ಹೊಲಿಗೆ ಹಾಕಿ ಬಟ್ಟೆ ಮುಗಿಸಿದಳು. ಸಿದ್ದಲಿಂಗೇಶ ಪೆಟ್ಟಿಗೆ ಒಯ್ದು ಅಂಚೆಗೆ ಹಾಕಿ ರಶೀದಿ ತಂದ.

ಮೂರು ವಾರ ಮನೆ ಹಬ್ಬದಂತಿತ್ತು. ಶೈಲಶ್ರೀ ಬೆಳಿಗ್ಗೆ ಆರರ ತನಕ ಮಲಗಿದಳು, ರೊಟ್ಟಿ ತಾನೇ ಬಡಿದಳು, ಮಗಳ ಜಡೆ ಹೆಣೆದಳು. ಅತ್ತೆಯ ಮಾತಿನಲ್ಲಿ ಖಾರ ಕಡಿಮೆಯಾಗಿ ಬಣ್ಣ ಮಾತ್ರ ಉಳಿದಿತ್ತು.

ಫೆಬ್ರುವರಿಯ ಕೊನೆಯ ಮಂಗಳವಾರ, ಕೋರ್ಟಿನ ಎದುರಿನ ಇಂಟರ್‌ನೆಟ್ ಅಂಗಡಿಯಲ್ಲಿ ಅವಳಿಗೆ ವಿಶ್ವವಿದ್ಯಾಲಯದ ಒಂದು ಮೇಲ್ ಕಾದಿತ್ತು. ಪಾರ್ಸಲಿನಲ್ಲಿ ಹೇಳದೇ ಇಟ್ಟ ಸಸ್ಯ ಪದಾರ್ಥ ಸಿಕ್ಕಿದೆ. ಅಲ್ಲಿನ ಸುಂಕದವರು ಇಡೀ ಪೆಟ್ಟಿಗೆ ತಡೆದಿದ್ದಾರೆ. ‘ಕಾಗದ ಮಾತ್ರ’ ಎಂದು ಸಹಿ ಮಾಡಿದ್ದು ಹೇಗೆಂದು ದಾಖಲೆ ಸಮೇತ ವಿವರಣೆ ಕೊಟ್ಟರೆ ಮಾತ್ರ ಇನ್ನೊಂದು ಪ್ರತಿ ಪಡೆಯುವ ವಿಚಾರ. ಇಲ್ಲವಾದರೆ ಪ್ರಬಂಧ ಬಂದಿಲ್ಲವೆಂದು ಲೆಕ್ಕ. ಮುಂದಿನ ಅವಕಾಶ ಒಂದು ವರ್ಷ ಬಿಟ್ಟು, ಹೊಸ ಫೀ ಕಟ್ಟಿ.

ಶೈಲಶ್ರೀ ಎರಡು ಸಲ ಓದಿದಳು. ಸಸ್ಯ ಪದಾರ್ಥ? ಮೂರನೆಯ ಸಲ ಓದುವಾಗ ಅವಳ ಮೂಗಿಗೆ ಮನೆಯ ಪಡಸಾಲೆಯ ವಾಸನೆ ಬಡಿಯಿತು.

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಅವಳು ಬ್ಯಾಗು ಇಳಿಸದೆ ನಿಂತೇ ಕೇಳಿದಳು.

"ಅತ್ತಿ, ಪೆಟಗಿಯೊಳಗ ಏನರ ಇಟ್ಟಿದ್ರೇನ್ರಿ?"

"ಹೂಂ. ಒಂದು ಪಾವಕೇಜಿ ಕಾಯಿ. ಯಾಕ, ಮುಟ್ಟೇತೇನ? ಏನಂದ್ರು?"

ಶೈಲಶ್ರೀ ಏನಂದರೆಂಬುದನ್ನು ಹೇಳಿದಳು. ಸಿದ್ದಲಿಂಗೇಶನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಯವ್ವಾ! ನಿನಗ ಯಾರು ಹೇಳಿದ್ರು ಅದನ್ನ ಇಡಾಕ? ಎರಡು ವರ್ಷ ನಿದ್ದಿಗೆಟ್ಟು ಓದ್ಯಾಳ ಆಕಿ!"

"ನಾ ಏನು ವಿಷಾ ಇಟ್ಟೇನೇನೋ? ನಮ್ಮ ಮನಿ ಕಾಯಿ ಅದು. ಆರಿಸಿ ಆರಿಸಿ ಇಟ್ಟೇನಿ!"

"ಕೇಳಿ ಇಡಬೇಕಿಲ್ಲ?"

"ಒಂದು ಹಿಡಿ ಕಾಯಿ ಇಡಾಕ ಅರ್ಜಿ ಹಾಕಬೇಕೇನ ಈ ಮನ್ಯಾಗ? ಹೋಗಲಿ, ನಿಮ್ಮಪ್ಪಗ ಕೇಳು, ಅವರೂ ನೋಡ್ಯಾರ."

ನಿಜಲಿಂಗಪ್ಪ ಉಳ್ಳಾಗಡ್ಡಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. "ನೋಡಿದ್ನಪಾ. ಹೂಂ ಅಂದೆ. ನಂದೂ ತಪ್ಪ," ಎಂದ.

"ತಪ್ಪು ಅನಬ್ಯಾಡ್ರಿ ನೀವು!" ಎಂದು ಶಾರದವ್ವ ಗಂಡನ ಮೇಲೆ ಹರಿಹಾಯ್ದಳು. "ಬರೇ ಕೈಲೆ ಕಳಸೂದು ತಪ್ಪು. ಇಟ್ಟು ಕಳಸೂದು ತಪ್ಪೇನು?"

ಶೈಲಶ್ರೀ ಜಗಳಕ್ಕೆ ಇಳಿಯಲಿಲ್ಲ. ಅದೇ ಎಲ್ಲರಿಗೂ ಹೆದರಿಕೆ ಹುಟ್ಟಿಸಿತು. ಅವಳಿಗೆ ಅಳು ಬಂದಿತ್ತು, ನಗುವೂ ಬಂದಿತ್ತು. ರೋಗ ಹುಳ ಇಲ್ಲವೆಂಬ ಸರ್ಕಾರಿ ಪತ್ರವಿಲ್ಲದ ಬೆಳೆಯನ್ನು ಯಾವ ದೇಶವಾದರೂ ಗಡಿಯಲ್ಲೇ ತಡೆಯಬಹುದು ಎಂದು ಆ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಹತ್ತು ಪುಟ ಬರೆದವಳೇ ಅವಳು.

"ಅತ್ತಿ ಇಟ್ಟಾರ ಅಂತ ಬರದು ಕಳಸು. ಮುಗೀತು," ಎಂದ ಸಿದ್ದಲಿಂಗೇಶ.

"ಇಲ್ಲರಿ. ಸಹಿ ನಂದೈತಿ. ಹಿರ್ಯಾರ ಹೆಸರು ಮುಂದ ಮಾಡಿ ನಾ ಪಾರಾಗೂದಿಲ್ಲ. ಇನ್ನೊಂದು ವರ್ಷ ಹೋದ್ರ ಹೋಗ್ಲಿ."

ಮರುದಿನ ಅವಳು ಕೋರ್ಟು ಮುಗಿಸಿ ಹಲಗೇರಿಗೆ ಹೋದಳು. ಅವ್ವನನ್ನು ನೋಡಿ ಎರಡು ದಿನ ಇದ್ದು ಬರುತ್ತೇನೆ, ಕೋರ್ಟಿಗೆ ಅಲ್ಲಿಂದಲೇ ಓಡಾಡುತ್ತೇನೆ ಎಂದಳು. ಸಿಟ್ಟಿನಿಂದ ಹೋದದ್ದಲ್ಲ. ಆದರೆ ಸಿಟ್ಟಿಲ್ಲ ಎಂದು ಹೇಳಿಯೂ ಹೋಗಲಿಲ್ಲ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಶಾರದವ್ವನಿಗೆ ಆಗ ಯಾವ ಕಾಲವೂ ಇರಲಿಲ್ಲ. ರೊಟ್ಟಿ ಸುಟ್ಟವು. ಶ್ವೇತಾಳ ಜಡೆ ಸೊಟ್ಟಾಯಿತು.  ಬಿಬಿಜಾನ್ ಬಂದು ಎಲ್ಲ ಕೇಳಿ, "ಅಕ್ಕಾ, ಇದರಾಗ ನಿನ್ನ ತಪ್ಪೇನೈತಿ? ನಾನಾಗಿದ್ರ ಒಂದು ಕೇಜಿ ಇಡತಿದ್ದೆ," ಎಂದಳು. ಅದು ಸಮಾಧಾನವಾಗುವ ಬದಲು ಇನ್ನಷ್ಟು ಚುಚ್ಚಿತು.

ಗುರುವಾರ ಮಾರುಕಟ್ಟೆಯ ದಿನ. ಮಧ್ಯಾಹ್ನ ಗಂಡನಿಗೆ ಬುತ್ತಿ ಒಯ್ದ ಶಾರದವ್ವ ಅಂಗಡಿಯ ಚೀಲದ ಮೇಲೆ ಕೂತಳು. ಎದುರಿಗೆ ಮಾರುಕಟ್ಟೆ ಯಾರ್ಡಿನ ಗೇಟು. ಅಲ್ಲಿ ಚೀಲ ಹೇರಿದ ಒಂದು ಗಾಡಿ ನಿಂತಿತ್ತು. ಕಾವಲುಗಾರ ಒಳಗೆ ಬಿಡಲೊಲ್ಲ.

"ಯಾಕ ಬಿಡವಲ್ಲ ಅವ?" ಎಂದು ಕೇಳಿದಳು.

"ಗೇಟಿನ ಚೀಟಿ ಇಲ್ಲ," ಎಂದ ನಿಜಲಿಂಗಪ್ಪ ರೊಟ್ಟಿ ಮುರಿಯುತ್ತ. "ಚೀಟಿ ಇಲ್ಲದ ಮಾಲು ಒಳಗ ಬಿಟ್ರ, ಯಾರದು, ಎಲ್ಲೀದು, ತೊಯ್ದದ್ದೋ, ಹುಳಾ ಹಿಡದದ್ದೋ ಯಾರಿಗೆ ಗೊತ್ತು? ಒಂದು ಕೆಟ್ಟ ಚೀಲ ಇಡೀ ಸಾಲು ಕೆಡಸತೈತಿ."

"ಕಾಯಿ ಚಲೋ ಇದ್ರ?"

"ಚಲೋ ಇದ್ರೂ ಬಿಡೂದಿಲ್ಲ. ಚೀಟಿ ಚೀಟಿನ." ಎಂದವನು ತುತ್ತು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. "ಅವ್ರದೂ ಒಂದು ಗೇಟಬೇ. ನಮ್ಮ ಸೊಸಿ ಚೀಟಿ ಮ್ಯಾಲ ಬರೇ ಕಾಗದ ಅಂತ ಬರದಿದ್ಲು. ನೀ ಒಳಗ ಕಾಯಿ ಇಟ್ಟಿ."

 ಚೀಟಿಯಲ್ಲಿ ಒಂದು ಬರೆದು ಒಳಗೆ ಇನ್ನೊಂದು ತುಂಬುವವರನ್ನು ಈ ಯಾರ್ಡಿನಲ್ಲಿ ಏನೆಂದು ಕರೆಯುತ್ತಾರೆ ಎಂಬುದು ಶಾರದವ್ವನಿಗೆ ಚೆನ್ನಾಗಿ ಗೊತ್ತಿತ್ತು. ಸೊಸೆಗೆ ಆ ಹೆಸರು ತಾನು ತಂದಿದ್ದೇನೆಂದು ಅವಳಿಗೆ ಆಗ ಹೊಳೆಯಿತು. 

"ಹಂಗಾರ ತಪ್ಪು ನಂದ," ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ನಿಜಲಿಂಗಪ್ಪ ಈ ಮಾತು ಕೇಳಿದ್ದು ಅದೇ ಮೊದಲು. ಅವನು ಬುದ್ಧಿವಂತ, ಇನ್ನೊಂದು ರೊಟ್ಟಿ ಮುರಿದ.

ಶುಕ್ರವಾರ ಹನ್ನೊಂದಕ್ಕೆ ಹಾವೇರಿ ಕೋರ್ಟಿನ ಬೇವಿನ ಮರದ ಕೆಳಗೆ, ಇಳಕಲ್ ಸೀರೆಯ ಸೆರಗು ತಲೆತುಂಬ ಹೊದ್ದು ನಿಂತ ಅತ್ತೆಯನ್ನು ಕಂಡು ಶೈಲಶ್ರೀ ಗಾಬರಿಯಾದಳು.

"ಯಾಕ್ರಿ ಅತ್ತಿ? ಮಾವಾರು ಆರಾಮದಾರಿಲ್ಲೋ?"

"ಎಲ್ಲಾರೂ ಆರಾಮದಾರ. ಕೋರ್ಟಿನ್ಯಾಗ ಖರೇ ಹೇಳಿ ಬರಕೊಡತಾರಂತಲ್ಲ, ಅದನ್ನ ಬರಸಾಕ ಬಂದೇನಿ."

"ಬ್ಯಾಡ್ರಿ. ನಿಮ್ಮ ಹೆಸರು..."

"ನನ್ನ ಹೆಸರು ಆ ಪುಸ್ತಕದಾಗ ಹಾಕುವಾಗ ನನ್ನ ಕೇಳಿದ್ದೇನು? ಚಲೋದಕ್ಕ ಹಾಕಿದಿ, ಈಗ ಇದಕ್ಕೂ ಹಾಕು. ನಡಿ."

ನೋಟರಿ ಅಬ್ದುಲರಜಾಕ ವಕೀಲರು ಶೈಲಶ್ರೀಗಿಂತ ಇಪ್ಪತ್ತು ವರ್ಷ ಹಿರಿಯರು. ಸೊಸೆಯ ಕೈಯಲ್ಲಿ ಬರೆಸಿದರೆ ಬೆಲೆ ಇರುವುದಿಲ್ಲವೆಂದು ತಾವೇ ಛಾಪಾಕಾಗದದ ಮೇಲೆ ಕನ್ನಡದಲ್ಲಿ ಬರೆದು, ದೊಡ್ಡ ದನಿಯಲ್ಲಿ ಓದಿದರು.

"‘ಶಾರದವ್ವ ಕೋಂ ನಿಜಲಿಂಗಪ್ಪ, ವಯಸ್ಸು ಅರವತ್ತು, ಉದ್ಯೋಗ ಮನೆಗೆಲಸ...’"

"ಮನಿಗೆಲಸ ಅಷ್ಟ ಅಲ್ರಿ. ಮೆಣಸಿನಕಾಯಿ ಆರಿಸೂದು ಅಂತ ಬರೀರಿ."

ಬರೆದರು. "‘ಪ್ರಮಾಣ ಮಾಡಿ ಹೇಳುವುದೇನೆಂದರೆ, ಸದರಿ ಪೆಟ್ಟಿಗೆಯಲ್ಲಿ ನಾನು ತಿಳಿಯದೆ...’"

"ತಿಳೀದ ಅಲ್ರಿ ವಕೀಲರ. ತಿಳದ ಇಟ್ಟೇನಿ. ನಮ್ಮ ಕಡೆ ಮಂದಿ ಪಾತ್ರಿ ಖಾಲಿ ಕಳಸೂದಿಲ್ಲ, ಅದಕ್ಕ ಇಟ್ಟೇನಿ. ಅವರ ಗೇಟಿಗೆ ಚೀಟಿ ಬೇಕು ಅಂತ ಗೊತ್ತಿರಲಿಲ್ಲ. ಸೊಸಿ ಹೊಲಿಯೂ ಮೊದಲ ಸಹಿ ಮಾಡಿ ಕೋರ್ಟಿಗೆ ಹೋಗಿದ್ಲು. ಆಕೀಗೆ ಗೊತ್ತಿಲ್ಲ. ಹಿಂಗ ಬರೀರಿ."

ಅಬ್ದುಲರಜಾಕರು ಕನ್ನಡಕ ತೆಗೆದು ಶೈಲಶ್ರೀಯತ್ತ ತಿರುಗಿದರು. "ಇಷ್ಟ್ ಸ್ವಚ್ಛ ಸಾಕ್ಷಿ ನಾ ಮೂವತ್ತು ವರ್ಷದಾಗ ನೋಡಿಲ್ಲವಾ. ಇವರನ್ನ ದಿನಾ ಕರಕೊಂಡು ಬಾ." ಅವರೇ ಅದನ್ನು ಇಂಗ್ಲಿಷಿಗೂ ಇಳಿಸಿ ಮುದ್ರೆ ಒತ್ತಿದರು. ಶಾರದವ್ವ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಹೊರಗೆ ಬಂದು ಇಬ್ಬರೂ ಚಹಾ ಕುಡಿದರು. ಶೈಲಶ್ರೀಯ ಕಣ್ಣು ತುಂಬಿತ್ತು. 

"ಅಳಬ್ಯಾಡ. ಮಂದಿ ನೋಡಿದ್ರ ನಾ ಕೇಸು ಸೋತೇನಿ ಅಂತಾರ," ಎಂದಳು ಶಾರದವ್ವ. ಆಮೇಲೆ ಕಪ್ಪಿನೊಳಗೆ ನೋಡುತ್ತ ಕೇಳಿದಳು: "ಮನೀಗೆ ಬರ್ತಿ ಹೌದಲ್ಲೋ? ನಿನ್ನ ಮಗಳ ಜಡಿ ನನ್ನ ಕೈಲೆ ಆಗವಲ್ದು."

"ಇವತ್ತ ಬರ್ತೇನ್ರಿ ಅತ್ತಿ."

ಆ ಪ್ರಮಾಣಪತ್ರ ಅವತ್ತೇ ಇಂಟರ್‌ನೆಟ್ ಅಂಗಡಿಯಿಂದ ಹೋಯಿತು. ಐದನೆಯ ದಿನ ಉತ್ತರ ಬಂತು: ವಿವರಣೆ ಒಪ್ಪಿಗೆಯಾಗಿದೆ; ಮಾರ್ಚ್ ಮೂವತ್ತೊಂದರೊಳಗೆ ಹೊಸ ಪ್ರತಿ ತಲುಪಲಿ; ಪದಾರ್ಥವನ್ನು ಮಾತ್ರ ಅಲ್ಲಿಯ ನಿಯಮದಂತೆ ನಾಶ ಮಾಡಲಾಗಿದೆ. ಕೊನೆಯ ಸಾಲು ಕೇಳಿ ಶಾರದವ್ವ "ಅಯ್ಯ ಶಿವನ, ಸುಟ್ಟರೇನ? ಅಂಥಾ ಕಾಯಿ!" ಎಂದು ಒಂದು ದಿನ ಪೂರ್ತಿ ಮರುಗಿದಳು.

ಸಿದ್ದಲಿಂಗೇಶ ರಾಣೇಬೆನ್ನೂರಿಗೆ ಹೋಗಿ ಮತ್ತೆ ಎರಡು ಪ್ರತಿ ಬೈಂಡ್ ಮಾಡಿಸಿ ತಂದ. ಅಂಗಡಿಯಿಂದ ಒಂದು ಹೊಸ ಪೆಟ್ಟಿಗೆ ಬಂತು. 'ಕಾಗದ ಮಾತ್ರ' ಎಂದು ಬರೆದು ಶೈಲಶ್ರೀ ಎರಡನೆಯ ಸಲ ಸಹಿ ಹಾಕಿದಳು. ಹಾಕಿ, ಸೂಜಿದಾರ ಮತ್ತು ಬಿಳಿ ಬಟ್ಟೆ ತಂದು ಅತ್ತೆಯ ಮುಂದಿಟ್ಟಳು.

ಶಾರದವ್ವ ಕೈ ಹಿಂದೆ ತೆಗೆದುಕೊಂಡಳು. "ನನಗ ಬ್ಯಾಡ. ನೀನ ಹೊಲಿ."

"ನನಗ ನಿಮ್ಮಂಗ ಬರೂದಿಲ್ಲರಿ."

"ಸಿದ್ದೂಗ ಹೇಳು."

"ಅವರಿಗೆ ಸೂಜಿ ಪೋಣಸಾಕ ಬರೂದಿಲ್ಲ. ನೀವ ಹೊಲೀರಿ ಅತ್ತಿ. ನಾ ಕೋರ್ಟಿಗೆ ಹೊಂಟೆ, ಬಸ್ ತಪ್ಪತೈತಿ." ಎಂದವಳೇ ಪೆಟ್ಟಿಗೆಯ ಕಡೆ ತಿರುಗಿ ನೋಡದೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

 ಶಾರದವ್ವ ಗಂಡ, ಮಗ, ಮೊಮ್ಮಗಳು, ಬಿಬಿಜಾನ್ ಎಲ್ಲರನ್ನೂ ಕೂಗಿ ಕರೆದು, ಪೆಟ್ಟಿಗೆ ತೆರೆದು ತೋರಿಸಿದಳು. "ನೋಡ್ರಿ. ಎಲ್ಲಾರೂ ನೋಡ್ರಿ. ಬರೇ ಕಾಗದ." ಅದನ್ನು ಹೊಲಿಯುವಾಗ ಅವಳಿಗೆ ಮಗುವನ್ನು ಉಪವಾಸ ಕಳಿಸಿದಷ್ಟು ಸಂಕಟವಾಯಿತು. ಆದರೂ ಒಂದು ಕಾಳು ಸಕ್ಕರೆಯನ್ನೂ ಇಡಲಿಲ್ಲ.

ಫಲಿತಾಂಶ ಆಗಸ್ಟಿನಲ್ಲಿ ಬಂತು, ಒಳ್ಳೆಯ ದರ್ಜೆಯಲ್ಲೇ. ಹಾವೇರಿ ಕೋರ್ಟಿಗೆ ದೇಶ ದೇಶದ ಕೇಸು ಆಮೇಲೂ ಬರಲಿಲ್ಲ. ಶೈಲಶ್ರೀ ಅದೇ ಬಾಂದಿನ ಕಲ್ಲು, ಅದೇ ಪಾಲುಪಟ್ಟಿ ವಾದಿಸಿದಳು. ಆದರೆ ಸಂಜೆ ಮಾವನ ಅಂಗಡಿಗೆ ನಾಲ್ಕಾರು ವ್ಯಾಪಾರಿಗಳು ಬಂದು, ಹೊರದೇಶಕ್ಕೆ ಮಾಲು ಕಳಿಸಲು ಯಾವ ಯಾವ ಪತ್ರ ಬೇಕೆಂದು ಅವಳನ್ನು ಕೇಳುತ್ತಿದ್ದರು. ಅವಳು ಹೇಳುವ ಮೊದಲೇ ಒಳಗಿನಿಂದ ಶಾರದವ್ವನ ದನಿ ಬರುತ್ತಿತ್ತು: "ಮೊದಲ ಚೀಟಿ ಮಾಡಸ್ರಿ. ಚಲೋ ಕಾಯಿ ಇದ್ರೂ ಬಿಡೂದಿಲ್ಲ ಅವ್ರು." ದೀಪಾವಳಿಗೆ ಅಡಿಗೆಕಟ್ಟೆಗೆ ಗ್ರಾನೈಟೂ ಬಂತು.

ಡಿಸೆಂಬರಿನಲ್ಲಿ, ಹೊಸ ಕಾಯಿಯ ಮೊದಲ ಚೀಲಗಳು ಯಾರ್ಡಿಗೆ ಇಳಿಯುವ ಹೊತ್ತಿಗೆ, ಪದವಿಪತ್ರ ಬಂತು. ಉದ್ದನೆಯ ರಟ್ಟಿನ ಕೊಳವೆ. ಶೈಲಶ್ರೀ ಮುಚ್ಚಳ ಬಿಚ್ಚಿ ದಪ್ಪ ಕಾಗದ ಎಳೆದು ಹೊಸ ಕಟ್ಟೆಯ ಮೇಲೆ ಬಿಡಿಸಿ ಹಾಸಿದಳು. ಶ್ವೇತಾ ಅವ್ವನ ಹೆಸರನ್ನು ಗಟ್ಟಿಯಾಗಿ ಓದಿದಳು. ನಿಜಲಿಂಗಪ್ಪ ಪೇಟ ಸರಿಮಾಡಿಕೊಂಡು ನಿಂತ. ಸಿದ್ದಲಿಂಗೇಶ ಸುಮ್ಮನೆ ಹೆಂಡತಿಯನ್ನು ನೋಡುತ್ತಿದ್ದ, ಅವನ ಮುಖದ ತುಂಬ ಸಂತೋಷ.

ಶಾರದವ್ವ ಕಾಗದ ನೋಡಿದಳು. ಆಮೇಲೆ ಕೊಳವೆ ಎತ್ತಿಕೊಂಡು ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದಳು. ಬೋರಲು ಹಾಕಿ ಅಂಗೈ ಮೇಲೆ ಎರಡು ಸಲ ಬಡಿದಳು. ಏನೂ ಬೀಳಲಿಲ್ಲ.

"ಏನ್ ಹುಡಕಾಕತ್ತೀ ಆಯಿ?" ಎಂದಳು ಶ್ವೇತಾ.

"ಏನಿಲ್ಲ ತಗೋ." ಶಾರದವ್ವ ಸಕ್ಕರೆ ಡಬ್ಬಿ ಇಳಿಸಿ, ಒಂದು ಹಿಡಿ ತುಂಬ ಸಕ್ಕರೆ ತೆಗೆದು, ಮೊದಲು ಸೊಸೆಯ ಬಾಯಿಗೆ ಹಾಕಿದಳು. "ಇಷ್ಟ್ ದೂರಿಂದ ಬರೇ ಕಾಗದ ಕಳಸ್ಯಾರ. ಪಾಪ, ಅವರರ ಏನ್ ಮಾಡ್ಯಾರು? ಅವರಿಗೂ ಕಾಯದೆ ಐತಿ."